ಶುಕ್ರವಾರ ತೆರೆಯುವ ಗೇಟು

ಸರಕಾರಿ ಕಾಗದಪತ್ರಗಳಲ್ಲಿ ನಮ್ಮ ಬಡಾವಣೆಯ ಹೆಸರು ಜಲೀಬ್ ಅಲ್ ಶುಯೂಖ್. ಅದರೊಳಗೆ ಭಾರತೀಯರು, ಅದರಲ್ಲೂ ಮಲಯಾಳಿಗಳು, ಒತ್ತೊತ್ತಾಗಿ ನೆಲೆಸಿರುವ ಭಾಗ ಅಬ್ಬಾಸಿಯಾ. ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ, ತಲೆಯ ಮೇಲೆ ವಿಮಾನ ಹಾದುಹೋಗುವಾಗ ಫೋನಿನಲ್ಲಿ ಊರಿಗೆ ಮಾತಾಡುತ್ತಿರುವವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಇಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ಬಂಗುಡೆ ಸಿಗುತ್ತದೆ, ಹಬ್ಬಕ್ಕೆ ಬಾಳೆಎಲೆಯೂ ಸಿಗುತ್ತದೆ. ಸಿಗದೇ ಇರುವುದು ಅಂಗಳ. ಎತ್ತ ನೋಡಿದರೂ ಫ್ಲ್ಯಾಟುಗಳು, ಅವುಗಳ ನಡುವೆ ನಿಲ್ಲಿಸಿದ ಕಾರುಗಳು. ಮಕ್ಕಳು ಚೆಂಡು ಹಿಡಿದು ಕೆಳಗಿಳಿದರೆ ಹಾರಿಸ್ (ಕಟ್ಟಡ ನೋಡಿಕೊಳ್ಳುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಗದರಿ ಮೇಲಕ್ಕೆ ಕಳಿಸುತ್ತಾನೆ. ಅವನ ತಪ್ಪೇನಿಲ್ಲ. ಕಾರಿನ ಗಾಜು ಒಡೆದರೆ ಕೇಳಿಸಿಕೊಳ್ಳಬೇಕಾದವನು ಅವನೇ.

ನಮಗೆ ಅಂಗಳ ಕೊಟ್ಟದ್ದು ಶಾಲೆಗಳು. ಯುನೈಟೆಡ್ ಇಂಡಿಯನ್ ಸ್ಕೂಲ್, ಇಂಟಿಗ್ರೇಟೆಡ್ ಇಂಡಿಯನ್ ಸ್ಕೂಲ್, ಇಂಡಿಯನ್ ಸೆಂಟ್ರಲ್ ಸ್ಕೂಲ್ ಹೀಗೆ ಅಬ್ಬಾಸಿಯಾದಲ್ಲಿ ಭಾರತೀಯ ಶಾಲೆಗಳು ಹಲವಿವೆ. ಎಲ್ಲವೂ ಖಾಸಗಿ. ಭಾನುವಾರದಿಂದ ಗುರುವಾರದವರೆಗೆ ಅವು ಮಕ್ಕಳದ್ದು. ಶುಕ್ರವಾರ ಬಂತೆಂದರೆ ಸಂಘಗಳದ್ದು. ಒಂದು ವಾರ ಓಣಂ, ಮುಂದಿನ ವಾರ ಉಚಿತ ವೈದ್ಯಕೀಯ ಶಿಬಿರ, ಅದರ ಮುಂದಿನ ವಾರ ನಮ್ಮ ರಾಜ್ಯೋತ್ಸವ. 2007ರ ಸೆಪ್ಟೆಂಬರಿನಿಂದ ಇಲ್ಲಿ ಸರಕಾರಿ ರಜೆ ಗುರುವಾರ-ಶುಕ್ರವಾರದ ಬದಲು ಶುಕ್ರವಾರ-ಶನಿವಾರವಾಯಿತು. ಆದರೂ ಕೂಲಿ ಮಾಡುವವರಿಗೆ ಅಂದಿಗೂ ಇಂದಿಗೂ ರಜೆ ಎಂದರೆ ಶುಕ್ರವಾರ ಒಂದೇ, ಅದೂ ಸಿಕ್ಕಿದರೆ.

ನಾನು ಬೆಳೆದದ್ದು ಕರಾವಳಿಯ ಹಳ್ಳಿಯಲ್ಲಿ. ಅಲ್ಲಿಯ ಸರಕಾರಿ ಹೈಸ್ಕೂಲಿನ ಮೈದಾನಕ್ಕೆ ಕಾಂಪೌಂಡೇ ಇರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಂತ ಜಾಗದಲ್ಲೇ ಸಂಜೆ ಊರಿನ ಗಂಡಸರ ವಾಲಿಬಾಲ್ ನಡೆಯುತ್ತಿತ್ತು. ದೀಪಾವಳಿ ಕಳೆದ ಮೇಲೆ ಬಯಲಾಟ, ಚುನಾವಣೆ ಬಂದರೆ ಮತಗಟ್ಟೆ, ಉಳಿದ ದಿನ ದನಗಳ ಮೇವು. ಮೇಷ್ಟ್ರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಶಾಲೆ ಊರಿನದ್ದು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳಬೇಕಾದ ಸಂದರ್ಭವೂ ಬಂದಿರಲಿಲ್ಲ.

ಅಬ್ಬಾಸಿಯಾದಲ್ಲಿ ಹಾಗಲ್ಲ. ತಿಂಗಳುಗಳ ಮೊದಲೇ ಅರ್ಜಿ, ಬಾಡಿಗೆ, ಠೇವಣಿ, ಒಳಗೆ ಬರುವವರ ಲೆಕ್ಕ. ರಾಜಕೀಯ ಮಾತಾಡುವಂತಿಲ್ಲ, ಗೋಡೆಗೆ ಟೇಪು ಅಂಟಿಸುವಂತಿಲ್ಲ. ಆದರೂ ಗೇಟು ತೆರೆದ ಮೇಲೆ ಒಳಗೆ ಆಗುವುದು ಊರಿನ ಜಾತ್ರೆಯೇ. ಮೂರನೇ ಕ್ಲಾಸಿನ ಕೋಣೆ ಯಕ್ಷಗಾನದ ಚೌಕಿಯಾಗುತ್ತದೆ. ಮೊಣಕಾಲೆತ್ತರದ ಬೆಂಚಿನ ಮೇಲೆ ಮಹಿಷಾಸುರ ಬಣ್ಣ ಹಚ್ಚಿಸಿಕೊಳ್ಳಲು ಕೂತಿರುತ್ತಾನೆ, ಅವನ ಬೆನ್ನ ಹಿಂದೆ ಗೋಡೆಯಲ್ಲಿ ಮಗ್ಗಿ. ಮೈದಾನದಲ್ಲಿ ಹೆಂಗಸರ ಥ್ರೋಬಾಲ್, ಮಕ್ಕಳ ಲಿಂಬೆ-ಚಮಚದ ಓಟ, ಗಂಡಸರ ಹಗ್ಗಜಗ್ಗಾಟ. ವಾರವಿಡೀ ಏಸಿಯಲ್ಲಿ ಕೂತ ನಮ್ಮ ಅಕೌಂಟೆಂಟುಗಳು ಹಗ್ಗ ಹಿಡಿದ ಮರುದಿನ ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಇದೆಲ್ಲ ನವೆಂಬರಿನಿಂದ ಮಾರ್ಚ್‌ವರೆಗೆ. 2016ರ ಜುಲೈಯಲ್ಲಿ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ದೇಶವಿದು. ಬೇಸಿಗೆಯಲ್ಲಿ ಬಯಲಾಟದ ಮಾತೇ ಇಲ್ಲ.

ಹೀಗೊಂದು ರಾಜ್ಯೋತ್ಸವದ ಸಂಜೆ ನಾನು ಗೇಟಿನಲ್ಲಿ ಪಾಸು ನೋಡುವ ಕೆಲಸಕ್ಕೆ ನಿಂತಿದ್ದೆ. ಒಳಗೆ ಡೊಳ್ಳಿನ ಸದ್ದು ಶುರುವಾಗಿತ್ತು. ರಸ್ತೆಯಾಚೆ ಕ್ಲೀನಿಂಗ್ ಕಂಪನಿಯ ಸಮವಸ್ತ್ರದಲ್ಲಿದ್ದ ಒಬ್ಬರು ಬಹಳ ಹೊತ್ತು ನಿಂತು ಕೇಳಿಸಿಕೊಂಡು, ಕೊನೆಗೆ ಹತ್ತಿರ ಬಂದರು.

"ಒಳಗ ಏನ್ ನಡದೈತ್ರೀ ಸರ?"

ಕನ್ನಡ ಕಾರ್ಯಕ್ರಮ ಎಂದೆ.

"ಅದು ಗೊತ್ತಾತ್ರೀ. ನಾವು ಬಂದ್ರ ನಡಿತೈತೇನ್ರೀ?"

ಮಡದಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದುದರಿಂದ ಅವಳ ಪಾಸು ನನ್ನ ಕಿಸೆಯಲ್ಲೇ ಉಳಿದಿತ್ತು. "ಬನ್ನಿ, ಪಾಸು ಉಂಟು" ಎಂದು ಕೊಟ್ಟೆ. ರಾಯಚೂರು ಕಡೆಯವರು. ಆರು ವರ್ಷದಿಂದ ದಿನಾ ಆ ಗೋಡೆಯ ಪಕ್ಕವೇ ನಡೆದು ಬಸ್ಸಿಗೆ ಹೋಗುತ್ತಾರಂತೆ, ಒಳಗೆ ಕಾಲಿಟ್ಟದ್ದು ಅಂದೇ. ಡೊಳ್ಳು ಮುಗಿದ ಮೇಲೆ ನೋಡಿದರೆ ಅವರು ಸಭಾಂಗಣದಲ್ಲಿರಲಿಲ್ಲ. ಕಾರಿಡಾರಿನಲ್ಲಿ, ಮಕ್ಕಳು ಬರೆದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದರು. ಅವರ ಮಗಳೂ ಮೂರನೇ ಕ್ಲಾಸಂತೆ, ಊರಿನಲ್ಲಿ.

ಆ ಶಾಲೆಯೊಳಗೆ ಬರಲು ಅವರಿಗೆ ಅಲ್ಲಿಯವರೆಗೆ ಯಾವ ಕಾರಣವೂ ಇರಲಿಲ್ಲ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಇಲ್ಲಿ ಸಂಬಳಕ್ಕೊಂದು ಮಿತಿ ಇದೆ. 2016ರಲ್ಲಿ ಅದು 450 ದಿನಾರ್ ಆಯಿತು, 2024ರಲ್ಲಿ 800. ಖಾಸಗಿ ಕೆಲಸದ ಕನಿಷ್ಠ ಸಂಬಳ 2017ರಿಂದ 75 ದಿನಾರ್. ಈ ಎರಡು ಅಂಕಿಗಳ ನಡುವೆ ಬದುಕುವ ಗಂಡಸರನ್ನು ಇಲ್ಲಿ 'ಬ್ಯಾಚುಲರ್' ಎನ್ನುತ್ತಾರೆ, ಊರಿನಲ್ಲಿ ಮೂರು ಮಕ್ಕಳಿದ್ದರೂ. ಒಂದು ಕೋಣೆಯಲ್ಲಿ ಆರೆಂಟು ಮಂದಿ ಇರುವ ಅವರಿಗೆ ಕೈಕಾಲು ಚಾಚಲು ಮೈದಾನ ಬೇಕಾದಷ್ಟು ನಮಗೆ ಬೇಡ. ಆದರೆ ಶಾಲೆ ತೆರೆಯುವುದು ಸಂಸಾರಗಳಿಗೆ.

ಬೇರೆ ಕಡೆ ಶಾಲೆಯ ಅಂಗಳ ಯಾರದ್ದು ಎಂಬ ಪ್ರಶ್ನೆಗೆ ಜನ ಹೋರಾಡಿ ಉತ್ತರ ಕಂಡುಕೊಂಡಿದ್ದಾರೆ. ಅಮೆರಿಕದ ರೋಚೆಸ್ಟರ್ ನಗರದಲ್ಲಿ 1907ರಲ್ಲಿ ಸರಕಾರಿ ಶಾಲೆಗಳನ್ನು ಸಂಜೆ ಹೊತ್ತು ವ್ಯಾಯಾಮ, ಓದು, ಚರ್ಚೆಗಳಿಗಾಗಿ ಊರವರಿಗೆ ತೆರೆದಿಟ್ಟರು. ಚರ್ಚೆ ರಾಜಕೀಯಕ್ಕೆ ತಿರುಗಿದಾಗ ಅಧಿಕಾರದಲ್ಲಿದ್ದವರಿಗೆ ಇರುಸುಮುರುಸಾಗಿ, ಕೆಲವೇ ವರ್ಷಗಳಲ್ಲಿ ಹಣ ನಿಂತಿತು. ಆದರೆ ನಮ್ಮ ತೆರಿಗೆಯಿಂದ ಕಟ್ಟಿದ ಕಟ್ಟಡಕ್ಕೆ ಸಂಜೆ ಬೀಗವೇಕೆ ಎಂಬ ವಾದ ಉಳಿದುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನೇ ಆಗಿದೆ. ನಾವು ಆ ವಾದ ಹೂಡುವಂತಿಲ್ಲ. ಇಲ್ಲಿ ನಾವು ಆದಾಯ ತೆರಿಗೆ ಕಟ್ಟುವುದಿಲ್ಲ, ಮತ ಹಾಕುವುದಿಲ್ಲ. ನಮ್ಮ ಕೈಯಲ್ಲಿರುವ ಹಕ್ಕುಪತ್ರ ಮಕ್ಕಳ ಫೀಸಿನ ರಸೀದಿ. ರಾಯಚೂರಿನವರ ಕೈಯಲ್ಲಿ ಅದೂ ಇಲ್ಲ.

2020ರ ಏಪ್ರಿಲ್ 6ರಂದು ಕೊರೊನಾ ಕಾರಣದಿಂದ ಜಲೀಬನ್ನು ಪೂರ್ತಿಯಾಗಿ ದಿಗ್ಬಂಧನದಲ್ಲಿಟ್ಟರು. ತೆರೆದದ್ದು ಜುಲೈಯಲ್ಲಿ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ಶಾಲೆಯ ಅಂಗಳದಲ್ಲಿ ಮೂರು ತಿಂಗಳು ಪಾರಿವಾಳಗಳ ಹೊರತು ಯಾರೂ ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ, ಇಕಾಮ ಮುಗಿದು ಕಾನೂನುಬಾಹಿರವಾಗಿ ಉಳಿದಿದ್ದವರಿಗೆ ದಂಡವಿಲ್ಲದೆ ಊರಿಗೆ ಹೋಗಲು ಸರಕಾರ ಕ್ಷಮಾದಾನ ಕೊಟ್ಟಿತು, ಟಿಕೆಟ್ಟನ್ನೂ ಕೊಟ್ಟಿತು. ಹೆಸರು ನೋಂದಾಯಿಸಲು ತೆರೆದದ್ದು ಸರಕಾರಿ ಶಾಲೆಗಳನ್ನು. ಚೀಲ ಹೊತ್ತ ಗಂಡಸರು ಸಾಲುಗಟ್ಟಿ ಒಳಗೆ ಹೋಗುವ ಚಿತ್ರವನ್ನು ಫೋನಿನಲ್ಲಿ ನೋಡಿದೆ. ಎಷ್ಟೋ ಮಂದಿಗೆ ಈ ದೇಶದಲ್ಲಿ ಶಾಲೆಯ ಬಾಗಿಲು ತೆರೆದದ್ದು ಅದೊಂದೇ ಸಲ, ದೇಶ ಬಿಡುವಾಗ. ಭಾರತದ ವಿಮಾನ ಸಂಚಾರ ನಿಂತಿದ್ದರಿಂದ ಅವರು ಮತ್ತೆ ವಾರಗಟ್ಟಲೆ ಶಿಬಿರಗಳಲ್ಲಿ ಕಾಯಬೇಕಾಯಿತು.

ಶಾಲೆಗಳು ಮತ್ತೆ ತೆರೆದ ಮೇಲೆ ನಮ್ಮ ಸಂಘದ ಸಭೆಯಲ್ಲಿ ಒಂದು ಮಾತು ಎತ್ತಿದೆ: ಕ್ರೀಡಾಕೂಟಕ್ಕಾದರೂ ಪಾಸು ಬೇಡ, ಕಂಪನಿ ಕ್ಯಾಂಪಿನ ಕನ್ನಡಿಗರನ್ನು ಕರೆಯೋಣ. ಜಗಳವೇ ಆಯಿತು. ಹೆಣ್ಣುಮಕ್ಕಳು ಇರುತ್ತಾರೆ ಎಂದರು ಒಬ್ಬರು. ಹಿರಿಯ ಸದಸ್ಯೆಯೊಬ್ಬರು ಕನ್ನಡಕ ತೆಗೆದು, "ಅವರ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ ಮಾರಾಯ್ರೆ" ಎಂದು ಮತ್ತೆ ಕನ್ನಡಕ ಹಾಕಿಕೊಂಡರು. ಶಾಲೆಯವರ ಚಿಂತೆ ಬೇರೆ, ಅದು ನ್ಯಾಯವಾದದ್ದೇ: ಒಳಗೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ಅವರು. ಕೊನೆಗೆ ಬೆಳಗಿನ ಹೊತ್ತು ಮೂವತ್ತು ಮಂದಿಗೆ ಒಪ್ಪಿಗೆ ಸಿಕ್ಕಿತು, ಸಿವಿಲ್ ಐಡಿ ನಂಬರಿನ ಸಮೇತ ಹಿಂದಿನ ದಿನವೇ ಪಟ್ಟಿ ಕೊಡಬೇಕೆಂಬ ಕರಾರಿನ ಮೇಲೆ. ಕಳೆದ ವರ್ಷದ ಹಗ್ಗಜಗ್ಗಾಟದಲ್ಲಿ ಅವರು ನಮ್ಮನ್ನು ಎರಡೂ ಸುತ್ತು ಎಳೆದು ಬಿಸಾಕಿದರು. ಮೂರನೆಯ ಸುತ್ತು ಬೇಕಾಗಲಿಲ್ಲ.

ಈ ವರ್ಷದ ಪಟ್ಟಿ ಬರೆಯುವ ಕೆಲಸ ನನ್ನದು. ಗುರುವಾರ ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಹೆಸರು ಬಂದಿದ್ದವು. ರಾತ್ರಿ ಹತ್ತಕ್ಕೆ ರಾಯಚೂರಿನವರು ಫೋನು ಮಾಡಿ ಐದು ಹೆಸರು ಹೊಡೆದುಹಾಕಿಸಿದರು. ಆ ಐವರಿಗೆ ಶುಕ್ರವಾರವೂ ಡ್ಯೂಟಿ ಹಾಕಿದ್ದರಂತೆ.