ಬೆಂಕಿ ಒಂದೀಟು, ಪಂಖಾ ಅಷ್ಟು ದೊಡ್ಡದು

ಡರ್ಬಿ,
ಭಾನುವಾರ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಅವ್ವನ ಮಂಡಿನೋವು ಹೇಗಿದೆ ಎಂದು ನೀವೇ ಬರೆಯಿರಿ. ಆಕೆಯನ್ನು ಕೇಳಿದರೆ "ಆರಾಮ್ ಅದೀನಿ" ಅನ್ನುವುದು ಬಿಟ್ಟು ಬೇರೆ ಮಾತೇ ಬರುವುದಿಲ್ಲ.

ಇಲ್ಲಿಂದ ಹೋಗಿ ಬೆಳಗಾವಿ ಮುಟ್ಟಿದ ಸುದ್ದಿ ಹೇಳಲು ಫೋನ್ ಮಾಡಿದವರು ನೀವು, ಪ್ರಯಾಣದ ಮಾತು ಒಂದೂ ಆಡದೆ ಕೇಳಿದ್ದು ಇದು: "ಬೆಂಕಿ ಉರಿಯೂದು ಒಳಗ ಒಂದೀಟ್ ಜಾಗಾದಾಗ ಅಂತಿ. ಮತ್ತ ಪಂಖಾ ಯಾಕವಾ ಅಷ್ಟ್ ದೊಡ್ಡದು?" ವಿಮಾನ ಹತ್ತುವ ಮುಂಚೆ ಗಾಜಿನ ಆಚೆ ಎಂಜಿನ್ನಿನ ಬಾಯಿ ನೋಡುತ್ತಾ ನಿಂತುಬಿಟ್ಟಿದ್ದರು, ಹಿಂದಿನವರು ಬೈದರು ಅಂತ ಅವ್ವ ದೂರು ಕೊಟ್ಟಳು. ಫೋನಿನಲ್ಲಿ ಅರ್ಧಂಬರ್ಧ ಹೇಳಿದರೆ ನಿಮಗೆ ಸಮಾಧಾನವಾಗುವುದಿಲ್ಲ, ನನಗೂ ಆಗುವುದಿಲ್ಲ. ಅದಕ್ಕೇ ಈ ಕಾಗದ.

ನೀವು ಹೋದದ್ದು ಏರ್‌ಬಸ್ ಎ350. ಅದರ ರೆಕ್ಕೆಯ ಕೆಳಗಿರುವುದು ನಮ್ಮ ಊರಿನ ರೋಲ್ಸ್ ರಾಯ್ಸ್ ಎಂಜಿನ್, ಹೆಸರು ಟ್ರೆಂಟ್ ಎಕ್ಸ್‌ಡಬ್ಲ್ಯೂಬಿ. ಟ್ರೆಂಟ್ ಅಂದರೆ ಈ ಸೀಮೆಯ ನದಿ. ಜೆಟ್ ಎಂಜಿನ್ನಿಗೆ ನದಿಯ ಹೆಸರಿಡುವುದು ಇವರ ಹಳೆಯ ರೂಢಿ. ಮುಂದಿನ ಪಂಖಾ ಆ ಅಂಚಿನಿಂದ ಈ ಅಂಚಿಗೆ 3 ಮೀಟರ್, ಅದಕ್ಕೆ ಒಳಗೆ ಪೊಳ್ಳಾದ 22 ಟೈಟಾನಿಯಮ್ ಬ್ಲೇಡುಗಳು. ಅದು ಎಳೆದುಕೊಳ್ಳುವ ಗಾಳಿಯಲ್ಲಿ ಬೆಂಕಿಯ ಹತ್ತಿರ ಹೋಗುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದು ಒಳಗಿನ ಎಂಜಿನ್ನನ್ನು ಸುತ್ತುಬಳಸಿ, ಸುಡದೆ, ಹಾಗೇ ಹಿಂದಕ್ಕೆ ಹೋಗುತ್ತದೆ. ವಿಮಾನವನ್ನು ತಳ್ಳುವ ಕೆಲಸದ ಹೆಚ್ಚಿನ ಪಾಲು ಆ ತಣ್ಣನೆಯ ಗಾಳಿಯದೇ.

ಲೆಕ್ಕ ಸುಲಭ. ಒಂದು ಕಿಲೋ ಗಾಳಿಯನ್ನು ಜೋರಾಗಿ ಹಿಂದಕ್ಕೆ ಎಸೆದರೂ, ಎರಡು ಕಿಲೋ ಗಾಳಿಯನ್ನು ಅದರ ಅರ್ಧ ವೇಗದಲ್ಲಿ ಎಸೆದರೂ ಸಿಗುವ ತಳ್ಳು ಒಂದೇ. ಆದರೆ ವೇಗಕ್ಕೆ ಕೊಡುವ ಶಕ್ತಿ ವೇಗದ ವರ್ಗದಂತೆ ಏರುತ್ತದೆ; ಮೊದಲನೆಯದಕ್ಕೆ ಎರಡನೆಯದರ ಇಮ್ಮಡಿ ಖರ್ಚು. ಹಾಗಾಗಿ ಬಹಳ ಗಾಳಿಯನ್ನು ನಿಧಾನ ತಳ್ಳುವವನು ಎಣ್ಣೆ ಉಳಿಸುತ್ತಾನೆ. ಸದ್ದಂತೂ ಇನ್ನೂ ಇಳಿಯುತ್ತದೆ: ಹೊರಬೀಳುವ ಗಾಳಿಯ ಗದ್ದಲ ಅದರ ವೇಗದ ಎಂಟನೇ ಘಾತದಷ್ಟು ಏರುತ್ತದೆಂದು ಲೈಟ್‌ಹಿಲ್ ಎಂಬ ಗಣಿತಜ್ಞ 1952ರಲ್ಲೇ ತೋರಿಸಿದ್ದ. ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಫೋರ್ಸಿನವರ ಜೆಟ್ ಹಾರಿದಾಗ ಕಿವಿ ಮುಚ್ಚಿಕೊಳ್ಳುತ್ತಿದ್ದ ಅವ್ವ ಈ ಎಂಜಿನ್ನಿನ ಪಕ್ಕದಲ್ಲೇ ನಿದ್ದೆ ಹೊಡೆದಳಲ್ಲ, ಕಾರಣ ಅದೇ.

ಇಷ್ಟು ಗೊತ್ತಿದ್ದರೆ ಮೊದಲಿನಿಂದಲೂ ದೊಡ್ಡ ಪಂಖಾ ಹಾಕಬೇಕಿತ್ತಲ್ಲ ಅನ್ನುತ್ತೀರಿ. ಹಾಕಲು ಹೋಗಿಯೇ ಈ ಕಂಪನಿ ಮುಳುಗಿತ್ತು. 1968ರಲ್ಲಿ ಲಾಕ್‌ಹೀಡ್‌ನ ಟ್ರೈಸ್ಟಾರ್ ವಿಮಾನಕ್ಕೆ ಆರ್‌ಬಿ211 ಎಂಬ ಎಂಜಿನ್ ಕೊಡುತ್ತೇವೆಂದು ದರ ಕಟ್ಟಿ ಒಪ್ಪಿಕೊಂಡರು. ದರ ಕಟ್ಟಿ ಒಪ್ಪುವುದು ಅಂದರೇನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತೂಕ ಇಳಿಸಲು ಪಂಖಾದ ಬ್ಲೇಡನ್ನು ಕಾರ್ಬನ್ ನಾರಿನಲ್ಲಿ ಮಾಡಿದರು. ಹಕ್ಕಿ ಬಡಿದರೆ ತಡೆಯುತ್ತದೋ ಇಲ್ಲವೋ ನೋಡಲು 1970ರಲ್ಲಿ ತಿರುಗುವ ಪಂಖಾಕ್ಕೆ ಸತ್ತ ಕೋಳಿಯನ್ನು ತೂರಿದರು. ಬ್ಲೇಡುಗಳು ಚೂರು ಚೂರಾದವು. ಟೈಟಾನಿಯಮ್‌ಗೆ ಮರಳುವಷ್ಟರಲ್ಲಿ ಖರ್ಚು ಕೈಮೀರಿತ್ತು. 1971ರ ಫೆಬ್ರವರಿ 4ರಂದು ರೋಲ್ಸ್ ರಾಯ್ಸ್ ದಿವಾಳಿಯಾಯಿತು. ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಎಂಜಿನ್ ಸರಿಪಡಿಸಲು ಯಾರನ್ನು ಕರೆತಂದರು ಗೊತ್ತೇ? ಅರವತ್ತು ದಾಟಿ ನಿವೃತ್ತರಾಗಿದ್ದ ಸ್ಟ್ಯಾನ್ಲಿ ಹೂಕರ್ ಅವರನ್ನು. ಅವರು ತಮ್ಮ ಜತೆಗೆ ಇನ್ನಷ್ಟು ನಿವೃತ್ತರನ್ನು ಎಳೆತಂದರು. 1972ರ ಏಪ್ರಿಲ್‌ನಲ್ಲಿ ಎಂಜಿನ್ ಪ್ರಯಾಣಿಕರನ್ನು ಹೊತ್ತು ಹಾರಿತು. ನೀವು ಕಂಡ ಟ್ರೆಂಟ್ ಅದೇ ಆರ್‌ಬಿ211ರ ವಂಶದ್ದು. ಎರಕದ ಶಾಪನ್ನು ಹುಡುಗರ ಕೈಗೆ ಕೊಟ್ಟು ಮನೆಯಲ್ಲಿ ಕೂಡುತ್ತೇನೆ ಎಂದು ನೀವು ಹೇಳಿದಾಗೆಲ್ಲ ನನಗೆ ಹೂಕರ್ ಯಾಕೆ ನೆನಪಾಗುತ್ತಾರೆ ಅಂತ ಬಿಡಿಸಿ ಹೇಳುವುದಿಲ್ಲ.

(ಕಾರ್ಬನ್ ಬ್ಲೇಡು ಈಗ ಮತ್ತೆ ಬಂದಿದೆ. 2023ರಲ್ಲಿ ಇದೇ ಊರಿನಲ್ಲಿ ಅಲ್ಟ್ರಾಫ್ಯಾನ್ ಎಂಬ ಪರೀಕ್ಷಾ ಎಂಜಿನ್ ಓಡಿಸಿದರು. ಪಂಖಾ ಮೂರೂವರೆ ಮೀಟರಿಗೂ ತುಸು ಹೆಚ್ಚು, ಬ್ಲೇಡಿನ ಮೈ ಕಾರ್ಬನ್, ಅಂಚಿಗೆ ಟೈಟಾನಿಯಮ್.)

ಈಗ ನಿಮ್ಮ ಕಸುಬಿಗೆ ಬರುತ್ತೇನೆ. ಪಂಖಾ ತಾನಾಗಿ ತಿರುಗುವುದಿಲ್ಲ. ಒಳಗಿನ ಆ ಒಂದು ಪಾಲು ಗಾಳಿಯನ್ನು ಒತ್ತಿ, ಎಣ್ಣೆ ಸಿಂಪಡಿಸಿ, ಉರಿಸಿ, ಹೊರಬರುವ ಬಿಸಿ ಅನಿಲದಿಂದ ಟರ್ಬೈನ್ ತಿರುಗಿಸಬೇಕು. ಹಿಂದಿನ ಸಾಲಿನ ಟರ್ಬೈನುಗಳು ಉದ್ದನೆಯ ಶಾಫ್ಟಿನಿಂದ ಮುಂದಿನ ಪಂಖಾವನ್ನು ತಿರುಗಿಸುತ್ತವೆ. ಬೆಂಕಿ ಹೆಚ್ಚು ಕಾದಷ್ಟೂ ಅದೇ ಗಾಳಿಯಿಂದ ಹೆಚ್ಚು ಶಕ್ತಿ. ಆಗ ಒಳಗಿನ ಎಂಜಿನ್ ಸಣ್ಣದಾಗಬಹುದು, ಪಂಖಾ ದೊಡ್ಡದಾಗಬಹುದು. ಹಾಗೆ ಬರುತ್ತಾ ಬರುತ್ತಾ ಬೆಂಕಿಯ ಕೋಣೆಯಿಂದ ಹೊರಬೀಳುವ ಅನಿಲದ ಬಿಸಿ 1,700 ಡಿಗ್ರಿ ಆಸುಪಾಸಿಗೆ ಬಂದಿದೆ. ಅದಕ್ಕೆ ಮೊದಲು ಮೈಯೊಡ್ಡುವ ಬ್ಲೇಡು ನಿಕ್ಕೆಲ್ ಮಿಶ್ರಲೋಹದ ಎರಕ. ಆ ಲೋಹ ಕರಗುವುದು 1,300ರ ಆಚೀಚೆ. ಕರಗುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ, ನಿಮಿಷಕ್ಕೆ 12,000 ಸುತ್ತಿಗೂ ಮೀರಿ ತಿರುಗುತ್ತಾ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಆ ಬ್ಲೇಡು ಒಂದೊಂದೂ ಸುಮಾರು 800 ಅಶ್ವಶಕ್ತಿ ಎಳೆಯುತ್ತದೆ. ಪಂಖಾ ಯಾಕೆ ಅಷ್ಟು ದೊಡ್ಡದು ಎಂಬುದಕ್ಕೆ ನನ್ನ ಉತ್ತರ ಈ ಎರಕದಲ್ಲಿದೆ ಅಪ್ಪಾಜಿ. ಇದು ತಡೆದುಕೊಂಡಷ್ಟು ಅದು ಅಗಲ.

ನೀವು ಉದ್ಯಮಬಾಗ್‌ನ ಶಾಪಿನಲ್ಲಿ ಪರೀಕ್ಷೆಗೆಂದು ಬೆಣೆಯಾಕಾರದ ತುಂಡು (ವೆಜ್) ಹೊಯ್ದು, ಆರಿಸಿ, ಸುತ್ತಿಗೆಯಲ್ಲಿ ಒಡೆದು, ಒಡೆದ ಮೈಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಿರಿ. ತುದಿಯಲ್ಲಿ ಬಿಳಿ ಎಷ್ಟಿದೆ, ಬೂದು ಎಲ್ಲಿಂದ ಶುರು, ಫೆರೋಸಿಲಿಕಾನ್ ಇನ್ನಷ್ಟು ಬೇಕೋ. ಗ್ರೇನ್, ಅಂದರೆ ಲೋಹದ ಹರಳು, ನೋಡುವ ಕಣ್ಣು ನನಗೆ ಬಂದದ್ದು ಅಲ್ಲಿಂದ. ಈ ಬ್ಲೇಡು ಎರಕ ಹೊಯ್ಯುವ ನಮ್ಮಲ್ಲಿ ತೊಂದರೆಯೂ ಗ್ರೇನಿನದೇ. ಅಷ್ಟು ಬಿಸಿಯಲ್ಲಿ ಅಷ್ಟು ಎಳೆತ ಬಿದ್ದಾಗ ಲೋಹ ಗ್ರೇನುಗಳ ಸಂದಿಯಲ್ಲಿ ಜಾರಿ ಮೆಲ್ಲಗೆ ಉದ್ದವಾಗುತ್ತದೆ, ಸಂದಿಯಿಂದಲೇ ಬಿರುಕು ಬಿಡುತ್ತದೆ. ಪರಿಹಾರ ಏನು? ಸಂದಿಯೇ ಇಲ್ಲದಂತೆ ಎರಕ ಹೊಯ್ಯುವುದು. ಇಡೀ ಬ್ಲೇಡು ಒಂದೇ ಗ್ರೇನ್. ಪ್ರಯಾಣಿಕ ವಿಮಾನದಲ್ಲಿ ಇದನ್ನು ಮೊದಲು ತಂದವರು ಅಮೆರಿಕದ ಪ್ರಾಟ್ ಆಂಡ್ ವಿಟ್ನಿಯವರು, 1982ರ ಸುಮಾರಿಗೆ. ಡರ್ಬಿಯವರು ಇದನ್ನು ಅಷ್ಟು ಖುಷಿಯಿಂದ ಹೇಳುವುದಿಲ್ಲ.

ಮಾಡುವ ಬಗೆ ಕೇಳಿ. ಮೊದಲು ಮೇಣದ ಬ್ಲೇಡು, ಒಳಗೆ ಸೆರಾಮಿಕ್ ಕೋರ್. ಅದನ್ನು ಸೆರಾಮಿಕ್ ಗಂಜಿಯಲ್ಲಿ ಅದ್ದುವುದು, ಮರಳು ಉದುರಿಸುವುದು, ಆರಿಸುವುದು, ಮತ್ತೆ ಅದ್ದುವುದು. ಚಿಪ್ಪು ದಪ್ಪವಾದ ಮೇಲೆ ಮೇಣ ಕರಗಿಸಿ ತೆಗೆದು ಚಿಪ್ಪನ್ನು ಸುಡುತ್ತೇವೆ. ಇಲ್ಲಿಯವರೆಗೆ ನಿಮಗೆ ಹೊಸದೇನಿಲ್ಲ. ಆದರೆ ಆ ಅಚ್ಚಿಗೆ ಬುಡವಿಲ್ಲ. ನೀರು ಹರಿಯುವ ತಾಮ್ರದ ತಟ್ಟೆಯ ಮೇಲೆ ಅದು ಕೂಡುತ್ತದೆ. ಸುತ್ತ ಕುಲುಮೆ, ಒಳಗೆ ಗಾಳಿ ತೆಗೆದಿರುತ್ತಾರೆ. ಲೋಹ ಹೊಯ್ದ ಮೇಲೆ ಅಚ್ಚನ್ನು ಕುಲುಮೆಯಿಂದ ಕೆಳಕ್ಕೆ ಇಳಿಸುತ್ತಾರೆ, ಗಂಟೆಗೆ ಒಂದು ಗೇಣಿನ ಲೆಕ್ಕದಲ್ಲಿ. ನಿಮ್ಮ ಮೋಲ್ಡರುಗಳು ನೋಡಿದ್ದರೆ ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದರು.

ತಟ್ಟೆಯ ತಂಪಿಗೆ ಮೊದಲು ನೂರಾರು ಗ್ರೇನು ಹುಟ್ಟಿ ಮೇಲಕ್ಕೆ ಬೆಳೆಯುತ್ತವೆ. ಬ್ಲೇಡಿನ ಬುಡಕ್ಕೆ ಮುಂಚೆ ಅಚ್ಚಿನಲ್ಲಿ ತಿರುಪಿನಂತೆ ಸುತ್ತಿದ ಸಣ್ಣ ದಾರಿ ಮಾಡಿರುತ್ತೇವೆ. ಇವರು ಅದನ್ನು ಹಂದಿಬಾಲ ಅನ್ನುತ್ತಾರೆ. ಆ ಸುತ್ತಿನಲ್ಲಿ ಒಂದನ್ನೊಂದು ಒತ್ತರಿಸಿ ಕೊನೆಗೆ ಒಂದೇ ಗ್ರೇನ್ ಮೇಲೆ ಬರುತ್ತದೆ, ಬ್ಲೇಡಿನ ತುದಿಯವರೆಗೂ ಅದೇ ಬೆಳೆಯುತ್ತದೆ. ಆಮೇಲೆ ಕ್ಷಾರದಲ್ಲಿ ಕೋರ್ ಕರಗಿಸಿ ತೆಗೆದರೆ ಒಳಗೆ ಗಾಳಿಯ ಓಣಿಗಳು ಉಳಿಯುತ್ತವೆ. ಮೈಗೆ ಕೂದಲೆಳೆಯ ಕೆಲವು ಪಟ್ಟು ಅಗಲದ ರಂಧ್ರಗಳನ್ನು ಕೊರೆಯುತ್ತಾರೆ. ಎಂಜಿನ್ ಓಡುವಾಗ ಅವುಗಳಿಂದ ಗಾಳಿ ಹೊರಬಂದು ಬ್ಲೇಡಿನ ಮೈಗೆ ಅಂಟಿ ಹರಿಯುತ್ತದೆ, ಉರಿ ನೇರ ತಾಗದಂತೆ. ತಂಪು ಮಾಡುವ ಆ ಗಾಳಿಯ ಬಿಸಿಯೇ 700 ಡಿಗ್ರಿ ಹತ್ತಿರ! ಮೇಲೊಂದು ಜಿರ್ಕೋನಿಯಾ ಲೇಪ ಬೇರೆ. ಇದೆಲ್ಲ ಸೇರಿ ಲೋಹ ಕರಗದೆ ಉಳಿಯುತ್ತದೆ.

ನಮ್ಮ ದೇಶದಲ್ಲೂ ಈ ವಿದ್ಯೆ ಇಲ್ಲದಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್‌ನವರು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂಥ 60 ಒಂಟಿಗ್ರೇನಿನ ಬ್ಲೇಡುಗಳನ್ನು 2021ರಲ್ಲಿ ಎಚ್‌ಎಎಲ್‌ಗೆ ಕೊಟ್ಟರು. ದೊಡ್ಡ ಪ್ರಯಾಣಿಕ ವಿಮಾನದ ಎಂಜಿನ್ ಮಾಡುವವರು ಮಾತ್ರ ಜಗತ್ತಿನಲ್ಲಿ ಇಂದಿಗೂ ಬೆರಳೆಣಿಕೆಯಷ್ಟೇ.

ಇನ್ನು ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ಬ್ಲೇಡಿನ ತೆಳು ಮೈ ಮುಗಿದು ಬುಡದ ಅಗಲ ತಟ್ಟೆ ಶುರುವಾಗುವಲ್ಲಿ, ತಟ್ಟೆಯ ಮೂಲೆಗಳು ಹೊರಕ್ಕೆ ಚಾಚಿರುವುದರಿಂದ ಬೇಗ ತಣ್ಣಗಾಗುತ್ತವೆ. ಕೆಳಗಿನಿಂದ ಬೆಳೆದು ಬರುವ ಗ್ರೇನ್ ಅಲ್ಲಿಗೆ ತಲುಪುವ ಮುಂಚೆಯೇ ಮೂಲೆಯಲ್ಲಿ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಆಸಿಡ್ ಹಾಕಿ ಬೆಳಕಿನಡಿ ವಾಲಿಸಿದರೆ ಆ ಉಗುರಗಲದ ತುಂಡು ಬೇರೆಯೇ ಹೊಳೆಯುತ್ತದೆ; ಬ್ಲೇಡು ರಿಜೆಕ್ಟ್. ಕೆಳಗಿನಿಂದ ಮೂಲೆಗೆ ಕಡ್ಡಿಯಂಥ ಸಣ್ಣ ದಾರಿ ಕೊಟ್ಟು ಅದೇ ಗ್ರೇನನ್ನು ಅಲ್ಲಿಗೂ ಒಯ್ಯುವುದು ಎಲ್ಲರೂ ಮಾಡುವ ಉಪಾಯ. ಆ ಕಡ್ಡಿಯನ್ನು ಕತ್ತರಿಸಿ ಉಜ್ಜುವುದೇ ಒಂದು ದೊಡ್ಡ ಕೆಲಸ. ನೀವು ಪಂಪ್ ಕೇಸಿಂಗಿನಲ್ಲಿ ದಪ್ಪ–ತೆಳು ಕೂಡುವ ಕಡೆ ಎಲ್ಲಿ ಬೇಗ ತಣಿಸಲು ಚಿಲ್ ಇಡಬೇಕು, ಎಲ್ಲಿ ಬಿಸಿ ಹಿಡಿದಿಡಬೇಕು ಅಂತ ನಕ್ಷೆ ನೋಡದೆ ಹೇಳುತ್ತಿದ್ದಿರಿ. ಮೂಲೆಯನ್ನು ಇನ್ನಷ್ಟು ಹೊತ್ತು ಬಿಸಿ ಇಡಲು ನೀವಾದರೆ ಚಿಪ್ಪಿನ ಹೊರಗೆ ಏನು ಮಾಡುತ್ತಿದ್ದಿರಿ? ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ, ಅಳತೆ ಹಾಕಿಲ್ಲ, ಹಾಕುವಂತಿಲ್ಲ. ಪೆನ್ಸಿಲಿನಲ್ಲಿ ಗುರುತು ಮಾಡಿ ಅದರ ಫೋಟೋ ಕಳಿಸಲು ತಮ್ಮನಿಗೆ ಹೇಳಿ.

ಅವ್ವನಿಗೆ ನಮಸ್ಕಾರ. ಮಂಡಿಯ ವಿಷಯ ಮರೆಯಬೇಡಿ.

ಇಂತಿ ನಿಮ್ಮ ಪ್ರೀತಿಯ ಮಗಳು