ತೆನೆಯಲ್ಲೇ ಮೊಳೆತ ರಾಗಿ

2021ರ ನವೆಂಬರ್ 19, ನಸುಕಿನ ಎರಡು ಗಂಟೆ. ತಗಡಿನ ಮೇಲೆ ಮಳೆ ಮತ್ತೆ ಬಡಿಯತೊಡಗಿದೆ. ಕೆಂಗೇರಿಯಾಚೆ, ರಾಮೋಹಳ್ಳಿಯ ದೊಡ್ಡ ಆಲದ ಮರದ ಕಡೆ ಹೋಗುವ ದಾರಿಯಲ್ಲಿ ನಿಮ್ಮ ಹೊಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಚೆನ್ನೈ ಬಳಿ ದಡ ಸೇರುತ್ತಿದೆ. ರಾಜಾಜಿನಗರ, ವಿಜಯನಗರದ ರಸ್ತೆಗಳ ನೀರನ್ನೆಲ್ಲ ಹೊತ್ತು ವೃಷಭಾವತಿ ಕೆಂಗೇರಿ ದಾಟುತ್ತಿದೆ. ನಿಮಗೆ ನಿದ್ದೆಯಿಲ್ಲ.

ಬ್ಯಾಟರಿ ಹಿಡಿದು ಬದು ಇಳಿಯುತ್ತೀರಿ. ಕೆಸರು ಮೀನಖಂಡದವರೆಗೆ ಕಾಲನ್ನು ಎಳೆದುಕೊಳ್ಳುತ್ತದೆ. ಸೊಂಟಮಟ್ಟ ನಿಂತಿದ್ದ ಪೈರು ಒಂದೇ ಮಗ್ಗುಲಿಗೆ ಮಲಗಿದೆ. ಮುಗ್ಗಲು ವಾಸನೆ ಗಂಟಲಿಗೆ ಅಡರುತ್ತದೆ. ಬಗ್ಗಿ ಒಂದು ತೆನೆ ಹಿಡಿಯುತ್ತೀರಿ. ಬೆರಳಿಗೆ ಕಾಳಿನ ಒರಟು ಸಿಗುವುದಿಲ್ಲ, ಏನೋ ಮೆತ್ತಗೆ ಜಾರುತ್ತದೆ. ಬೆಳಕು ಹತ್ತಿರ ತಂದರೆ ಮುಷ್ಟಿ ಕಟ್ಟಿದ ಇಲುಕುಗಳ ಸಂದಿಯಿಂದ ಕೂದಲೆಳೆಯಂಥ ಬಿಳಿ ಬೇರು, ಅದರ ಪಕ್ಕದಲ್ಲೇ ಹಸಿರು ಕುಡಿ. ರಾಗಿ ಕಣ ಕಾಣುವ ಮೊದಲೇ ಮೊಳೆತಿದೆ.

ಬಿತ್ತಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28, ಬೆಂಕಿರೋಗ ತಡೆಯುವ ತಳಿ. ಜುಲೈ ಕೊನೆಗೆ ಬಿದ್ದ ಬೀಜ ನವೆಂಬರ್ ನಡುವಿಗೆ ಕುಡುಗೋಲಿಗೆ ಬರಬೇಕು, ಬಂದಿದೆ. ರೋಗ ತಾಗಲಿಲ್ಲ. ಕೊಯ್ಲಿಗೆ ಬೇಕಾದ ಬಿಸಿಲು ಮಾತ್ರ ಬರಲಿಲ್ಲ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಗಿಡಕ್ಕೆ ಒಳ್ಳೆಯದೇ ಎಂಬ ಮಾತು ನೀವೂ ಕೇಳಿದ್ದೀರಿ. ಭತ್ತಕ್ಕೆ, ಗೋಧಿಗೆ, ಅವರೆಗೆ ಅದು ಒಂದು ಮಟ್ಟಿಗೆ ನಿಜ. ನಿಮ್ಮ ಕೈಯಲ್ಲಿರುವ ತೆನೆಗೆ ಅಲ್ಲ. ರಾಗಿ ಸಿ4 ಜಾತಿಯ ಗಿಡ. ಎಲೆಯ ನರದ ಸುತ್ತಲಿನ ಕೋಶಗಳಿಗೆ ಆ ಅನಿಲವನ್ನು ಒತ್ತಿ ತುಂಬಿಕೊಳ್ಳುವ ಏರ್ಪಾಟು ಅದಕ್ಕೆ ಹುಟ್ಟಿನಿಂದಲೇ ಇದೆ. ಹೊರಗೆ ಎಷ್ಟು ಏರಿದರೂ ಫಸಲಿಗೆ ದಕ್ಕುವುದು ಅತ್ಯಲ್ಪ. ಬರಗಾಲದಲ್ಲಿ ಎಲೆಯ ರಂಧ್ರಗಳು ಕಿರಿದಾಗಿ ಒಂದಿಷ್ಟು ನೀರು ಉಳಿದೀತು, ಅಷ್ಟೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ದಶಲಕ್ಷಕ್ಕೆ ಸುಮಾರು 315 ಇದ್ದ ಅನಿಲ ಈ ವರ್ಷ 416ರ ಆಸುಪಾಸಿಗೆ ಬಂದಿದೆ. ಆ ಅನಿಲ ಗಾಳಿಯನ್ನು ಕಾಯಿಸುತ್ತದೆ; ಗಾಳಿ ಒಂದು ಡಿಗ್ರಿ ಕಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಈ ಒಂದು ರಾತ್ರಿಯ ಮಳೆಯನ್ನು ಪೂರ್ತಿ ಆ ಕಾವಿನ ಲೆಕ್ಕಕ್ಕೆ ಬರೆಯಲಾಗದು; ಸುರಿದರೆ ಹೀಗೆ ಸುರಿಯುವ ದಿನಗಳು ಹೆಚ್ಚುತ್ತಿರುವುದಂತೂ ದಿಟ. ಲಾಭದಲ್ಲಿ ರಾಗಿಗೆ ಪಾಲಿಲ್ಲ, ನಷ್ಟ ಮಾತ್ರ ಪೂರ್ತಿ ಅದರದೇ.

ರಾಗಿ ಸಿಗದಿದ್ದರೆ ನಗರದ ಮನೆಗಳಲ್ಲಿ ಮುದ್ದೆ ಬಿಟ್ಟು ಅನ್ನ ಉಂಡರಾಯಿತು ಎನ್ನಬಹುದು. 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅನಿಲವನ್ನು ದಶಲಕ್ಷಕ್ಕೆ 550ರ ಸುತ್ತಮುತ್ತ ಏರಿಸಿ ಬೆಳೆದ ಅಕ್ಕಿಯಲ್ಲಿ ಕಬ್ಬಿಣ ಶೇ 5ರಷ್ಟು, ಸತು ಶೇ 3ರಷ್ಟು ಕಡಿಮೆ. ತಟ್ಟೆ ತುಂಬಿದ್ದರೂ ತುತ್ತಿನ ಸತ್ವ ಇಳಿಯುತ್ತದೆ. ಇದು ಇನ್ನೂ ದೊಡ್ಡ ದಿಗಿಲು.

ಈಗ ಕೊಯ್ಯುವುದೋ, ಬಿಡುವುದೋ? ಯಂತ್ರ ಈ ಕೆಸರಿಗೆ ಇಳಿಯದು. ಕೊಯ್ದರೆ ಅರಿ ನೀರಲ್ಲೇ ಬೀಳಬೇಕು. ಹಸಿ ಹುಲ್ಲನ್ನು ಮೆದೆ ಒಟ್ಟಿದರೆ ಒಳಗೇ ಬಿಸಿಯೇರಿ ಕಪ್ಪಾಗುತ್ತದೆ, ಕೊಟ್ಟಿಗೆಯ ಹಸು ಮೂಸುವುದಿಲ್ಲ. ಬಿಟ್ಟರೆ ಮಿಕ್ಕ ತೆನೆಯೂ ಮೊಳೆಯುತ್ತದೆ. ಕ್ವಿಂಟಲಿಗೆ 3,377 ರೂಪಾಯಿ ಬೆಂಬಲ ಬೆಲೆ ಇದೆ, ಮೊಳೆತ ಕಾಳಿಗಲ್ಲ.

ಅಷ್ಟರಲ್ಲಿ ಸದ್ದು. ಮೇಲಿನ ಹೊಲದ ಬದು ಒಡೆದಿದೆ. ನೀರು ಮೊಣಕಾಲಿಗೆ ಗುದ್ದುತ್ತದೆ. ಬ್ಯಾಟರಿ ಕೈಜಾರುತ್ತದೆ. ಗುದ್ದಲಿ ಎಲ್ಲಿ? ಕತ್ತಲಲ್ಲಿ ತಡಕುತ್ತೀರಿ, ಸಿಗುತ್ತದೆ, ಕೆಳಗಿನ ಬದುವನ್ನು ಕಡಿಯುತ್ತೀರಿ. ಒಂದು ಏಟು, ಇನ್ನೊಂದು, ರಟ್ಟೆ ಉರಿಯುತ್ತದೆ. ದಾರಿ ಸಿಕ್ಕ ನೀರು ಹಳ್ಳದತ್ತ ನುಗ್ಗುತ್ತದೆ. ಜತೆಗೆ ನಿಮ್ಮ ಮೇಲ್ಮಣ್ಣೂ ಹೋಗುತ್ತದೆ.

ಹುಲ್ಲಿನ ಆಸೆ ಬಿಡುತ್ತೀರಿ. ದಿಣ್ಣೆಯ ಮೇಲೆ ಇನ್ನೂ ನೆಟ್ಟಗಿರುವ ನಾಲ್ಕು ಸಾಲಿನ ತೆನೆಗಳನ್ನಷ್ಟೇ ಮುರಿದು ಚೀಲಕ್ಕೆ ತುಂಬುತ್ತೀರಿ. ಮಳೆಯಾಶ್ರಿತ ಬೆಳೆಯ ಪರಿಹಾರವನ್ನು ಸರ್ಕಾರ ಡಿಸೆಂಬರಿನಲ್ಲಿ ಹೆಕ್ಟೇರಿಗೆ 6,800ರಿಂದ 13,600 ರೂಪಾಯಿಗೆ ಏರಿಸಲಿದೆ. ಅದು ಈಗ ನಿಮಗೆ ಗೊತ್ತಿಲ್ಲ, ಗೊತ್ತಿದ್ದರೂ ಬೀಜ ಅದರಿಂದ ಹುಟ್ಟುವುದಿಲ್ಲ. ಪಡಸಾಲೆಯಲ್ಲಿ ಗೋಣಿ ಹಾಸಿ ತೆನೆ ಹರಡುತ್ತೀರಿ, ಫ್ಯಾನ್ ಹಾಕುತ್ತೀರಿ. ಕರೆಂಟ್ ಹೋದರೆ ಒಲೆಯ ಮೇಲಿನ ಅಟ್ಟಕ್ಕೆ. ಮುಂದಿನ ಜುಲೈಗೆ ಬಿತ್ತಲು ಇರುವುದು ಇಷ್ಟೇ.