ಸಂಖ್ಯೆಯೂ ಅದರ ಬರಹವೂ

ಕಣಜದೊಳಗಿನ ಕಾಳು ಬೇರೆ, ಕಿರ್ದಿಯೊಳಗಿನ ಅಂಕೆ ಬೇರೆ. ಇವೆರಡನ್ನೂ ಒಂದೇ ಎಂದು ಬಗೆದವನು ಎಂದಾದರೊಂದು ದಿನ ಲೆಕ್ಕದಲ್ಲಿ ಎಡವದೆ ಇರಲಾರನು.

ಅಣ್ಣಿಗೇರಿಯ ಹತ್ತಿರದ ಹಳ್ಳಿಯೊಂದರಲ್ಲಿ, ಕಾಲೇಜು ಕಲಿಯುವ ಹುಡುಗಿಯೊಬ್ಬಳು ಹತ್ತಿ ಬಿಡಿಸುವವರ ಕೂಲಿಯ ಲೆಕ್ಕಕ್ಕಾಗಿ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮನ್ನು ರಚಿಸಿದಳು. ಕ್ವಿಂಟಲು ತುಂಬಿದೊಡನೆ ಕೂಲಿಯನ್ನು ಚುಕ್ತಾ ಮಾಡುವದು ಆ ಮನೆಯ ಪದ್ಧತಿ. ಹತ್ತು ಕಿಲೋದ ಒಂದೊಂದು ತೂಕವನ್ನೂ 0.1 ಕ್ವಿಂಟಲೆಂದು ಬರೆದು, ಅಂಥ ಹತ್ತು ತೂಕಗಳನ್ನು ಕೂಡಿಸಲು ಚೀಟಿಯ ಮೇಲೆ 1.00 ಎಂದು ಮೂಡಿತು. ಆದರೂ ಯಂತ್ರವು ಕ್ವಿಂಟಲು ತುಂಬಿಲ್ಲವೆಂದು ಕೂಲಿಯನ್ನು ತಡೆಹಿಡಿಯಿತು! ಹದಿನೇಳು ಅಂಕೆಗಳನ್ನು ಬರೆಯಿಸಿ ನೋಡಿದಾಗ 0.99999999999999989 ಎಂಬುದು ಹೊರಬಿದ್ದಿತು.

"ಅಜ್ಜಾ, ಚೀಟಿ ತುಂಬಿದೆ ಅನ್ನುತ್ತದೆ, ಯಂತ್ರ ಇಲ್ಲವೆನ್ನುತ್ತದೆ. ಯಾವುದನ್ನು ನಂಬಲಿ?"

"ತಂಗೀ, ನಿನ್ನ ಯಂತ್ರಕ್ಕೆ ಯಾವ ಪಾಲು ಮಾಡಲು ಬರುತ್ತದೆ?"

"ಅರ್ಧ, ಅರ್ಧದ ಅರ್ಧ, ಇಷ್ಟೇ."

"ಹಾಗಾದರೆ ಅದಿನ್ನೂ ಆಣೆಯ ಕಾಲದಲ್ಲಿದೆ!" ಎಂದು ಅಜ್ಜನು ನಕ್ಕನು.

ಅಜ್ಜನ ಮಾತು ವಿನೋದವಾದರೂ ನಿಜವೇ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವ ತನಕ ರೂಪಾಯಿಗೆ 16 ಆಣೆಗಳಿದ್ದವು. ಎಂಟಾಣೆ, ನಾಲ್ಕಾಣೆ, ಎರಡಾಣೆ, ಆಣೆ, ಇವೆಲ್ಲ ರೂಪಾಯಿಯನ್ನು ಅರ್ಧಿಸುತ್ತ ಹೋದರೆ ದೊರೆಯುವ ಪಾಲುಗಳು. ಯಂತ್ರವು ಇವನ್ನು ನಿಶ್ಶೇಷವಾಗಿ ಹಿಡಿಯಬಲ್ಲದು. ಹತ್ತನೆಯ ಒಂದು ಪಾಲಾದರೋ ಎಷ್ಟು ಸಲ ಅರ್ಧಿಸಿದರೂ ಕೈಗೆ ಸಿಕ್ಕದು; ಒಂದನ್ನು ಮೂರರಿಂದ ಭಾಗಿಸಿದರೆ ನಮ್ಮ ದಶಮಾಂಶವು ಮುಗಿಯದಿರುವಂತೆಯೇ ಇದು. ಆದುದರಿಂದ ಯಂತ್ರವು 53 ದ್ವಿಮಾನ ಸ್ಥಾನಗಳಿಗೆ ನಿಂತು, ಅತಿ ಸಮೀಪದ ಸಂಖ್ಯೆಯನ್ನೇ ಇಟ್ಟುಕೊಳ್ಳುವದು.

ಆ ಸಂಖ್ಯೆಯನ್ನು ಅಕ್ಷರಗಳಾಗಿ ಮಾಡಿಕೊಡುವದು ಎಸ್‌ಎನ್‌ಪ್ರಿಂಟ್‌ಎಫ್ ಎಂಬ ಸಾಧನ. ಎಷ್ಟು ಅಂಕೆಗಳು ಬೇಕು, ಅವಕ್ಕೆ ಎಷ್ಟು ಸ್ಥಳವಿದೆ ಎಂಬುದನ್ನು ಮನುಷ್ಯನೇ ಹೇಳಬೇಕು. ಎರಡು ಸ್ಥಾನ ಕೇಳಿದರೆ ಅದು ದುಂಡಗೆ ಮಾಡಿ ಕೊಡುವದು; ಹದಿನೇಳು ಸಾರ್ಥಕ ಅಂಕೆಗಳನ್ನು ಬರೆಯಿಸಿದರೆ ಮರಳಿ ಓದಿದಾಗ ಅದೇ ಸಂಖ್ಯೆ ದೊರೆಯುವದು. ಹೀಗೆ ಮರಳಿ ದೊರೆಯುವಂಥ ಅತಿ ಕಿರಿಯ ಬರಹವನ್ನು ಕಂಡುಕೊಳ್ಳುವ ಮಾರ್ಗವನ್ನು ಸ್ಟೀಲ್, ವೈಟ್ ಎಂಬ ವಿದ್ವಾಂಸರಿಬ್ಬರು 1990ರಲ್ಲಿ ಪ್ರಕಟಿಸಿದರು.

ಹುಡುಗಿಯು ಅಷ್ಟು ದೂರ ಹೋಗಲಿಲ್ಲ. ತೂಕವನ್ನು ಇಡಿಯ ಕಿಲೋಗಳಲ್ಲಿಯೇ ಎಣಿಸಿ, ಚೀಟಿ ಬರೆಯುವ ಹೊತ್ತಿಗೆ ಮಾತ್ರ ಬಿಂದುವನ್ನಿಟ್ಟಳು. ಅಂದು ಸಂಜೆ ಕೂಲಿಯವರ ಬಾಕಿ ಚುಕ್ತಾ ಆಯಿತು. ಓದಬಾರದವರಿಗೆ ಚೀಟಿಯೇ ಪ್ರಮಾಣವಾದುದರಿಂದ, ಅದನ್ನು ಬರೆಯುವವರ ಹೊಣೆಯು ಹಿರಿದು.